ಹಲ್ಲು ಕಟ್ಟಿಸೋದು, ಪಕ್ಕದ ಹಲ್ಲು ಕೆತ್ತಿಸೋದು

ನಮ್ಮ ಬಾತಿ ಅಂದ್ರೆ ಹೊರಗಿನವರಿಗೆ ಅಷ್ಟಾಗಿ ಗೊತ್ತಾಗಲ್ಲ. ದಾವಣಗೆರೆಯಿಂದ ಹರಿಹರದ ಬಸ್ಸು ಹತ್ತಿ, ಪಿ.ಬಿ. ರೋಡಿನಲ್ಲಿ ಕಿಟಕಿ ಪಕ್ಕ ಕೂತಿದ್ದರೆ ನಡುವೆ ಒಂದು ಗುಡ್ಡ, ಒಂದು ಕೆರೆ ಸಿಗುತ್ತೆ. ಅದೇ ಬಾತಿ. ಕಣ್ಣು ಮಿಟುಕಿಸಿದರೆ ದಾಟಿ ಹೋಗಿರುತ್ತೆ :)

1994ರ ಬೇಸಿಗೆ ರಜೆಯಲ್ಲಿ ಇಲ್ಲಿನ ಬಯಲಲ್ಲಿ ಕ್ರಿಕೆಟ್ ಆಡುವಾಗ ಕಾರ್ಕ್ ಬಾಲ್ ನೆಗೆದು ನನ್ನ ಬಾಯಿಗೆ ಬಡಿಯಿತು. ಮೇಲಿನ ಸಾಲಿನಲ್ಲಿ ಕೋರೆಹಲ್ಲಿನ ಪಕ್ಕದ ಚಿಕ್ಕ ಬಾಚಿಹಲ್ಲು ಬೇರು ಸಮೇತ ಮಣ್ಣಿಗೆ ಬಿತ್ತು. ರಕ್ತ ನಿಂತ ಮೇಲೆ ಅವ್ವ ಹೇಳಿದ್ದು ಒಂದೇ ಮಾತು. "ಹಲ್ಲಿಲ್ಲದ ಬಾಯಿಗೆ ಯಾರು ಹೆಣ್ಣು ಕೊಡ್ತಾರೋ? ಹೋಗಿ ಕಟ್ಟಿಸ್ಕೊಂಡು ಬಾ."

ಹೋದೆ. ಡಾಕ್ಟರು ಬಾಯಿ ನೋಡಿ "ಬ್ರಿಡ್ಜ್ ಹಾಕೋಣ" ಅಂದರು. ಸೇತುವೆ ಅಂದರೆ ಏನೋ ಚಂದ ಇರಬೇಕು ಅಂದುಕೊಂಡು ಕುರ್ಚಿಯಲ್ಲಿ ಮಲಗಿದೆ. ಇಂಜೆಕ್ಷನ್ ಆಯಿತು, ಮಿಷನ್ನು ಕಿರ್ರ್ ಅಂತ ಕೂಗಿತು. ಮುಗಿದ ಮೇಲೆ ನಾಲಿಗೆ ಆಡಿಸಿ ನೋಡಿದರೆ ಬಿದ್ದ ಹಲ್ಲಿನ ಅಕ್ಕಪಕ್ಕದ ಎರಡು ಗಟ್ಟಿ ಹಲ್ಲು ಕೆತ್ತಿದ ಪೆನ್ಸಿಲ್ ಮೊನೆ ಥರ ಆಗಿದ್ದವು! ಆಮೇಲೆ ಅವೆರಡಕ್ಕೂ ಟೋಪಿ ಹಾಕಿ, ನಡುವೆ ಒಂದು ಸುಳ್ಳು ಹಲ್ಲು ತೂಗುಬಿಟ್ಟು, ಮೂರನ್ನೂ ಒಂದೇ ತುಂಡಾಗಿ ಅಂಟಿಸಿದರು. ಒಂದು ಹಲ್ಲಿಗೆ ಅಂತ ಹೋದವನು ಮೂರು ಹಲ್ಲಿನ ದುಡ್ಡು ಕೊಟ್ಟು ಬಂದೆ.

ಸುಳ್ಳು ಹೇಳಬಾರದು, ಆ ಬ್ರಿಡ್ಜು ಇಪ್ಪತ್ತೆರಡು ವರ್ಷ ಬಂತು. ಹೆಣ್ಣೂ ಸಿಕ್ಕಿತು. 2016ರಲ್ಲಿ ಒಂದು ಸಂಜೆ ಮಂಡಕ್ಕಿ ಜೊತೆ ಮಿರ್ಚಿ ಕಚ್ಚಿದೆ. ಮಿರ್ಚಿ ಎಷ್ಟು ಮೆತ್ತಗಿರುತ್ತೆ ಅಂತ ದಾವಣಗೆರೆ ಕಡೆಯವರಿಗೆ ಹೇಳಬೇಕಾಗಿಲ್ಲ. ಬ್ರಿಡ್ಜು ಇಡಿಯಾಗಿ ಕೈಗೆ ಬಂತು. ಟೋಪಿಯೊಳಗೆ ನನ್ನ ಕೋರೆಹಲ್ಲಿನ ಮೋಟು, ಕಪ್ಪಗೆ ಹುಳುಕಾಗಿ ಸಿಕ್ಕಿಕೊಂಡಿತ್ತು. ಒಂದು ಹಲ್ಲು ಚೆಂಡಿಗೆ ಹೋಯಿತು. ಇನ್ನೊಂದು ಆ ಹಲ್ಲಿಗೋಸ್ಕರ ಹೋಯಿತು.

ಆ ಡಾಕ್ಟರನ್ನು ಬೈಯೋಕೆ ಇದನ್ನು ಬರೆಯುತ್ತಿಲ್ಲ. ಆವತ್ತು ಊರೆಲ್ಲ ಮಾಡುತ್ತಿದ್ದದ್ದನ್ನೇ ಅವರೂ ಮಾಡಿದರು. ಆದರೆ 2023ರಲ್ಲಿ ತಂಗಿಯ ಮಗಳ ಬಾಯಲ್ಲಿ ಅದೇ ಜಾಗ ಖಾಲಿ ಅಂತ ಗೊತ್ತಾಯಿತು. ಅವಳಿಗೆ ಹದಿನೇಳು ವರ್ಷ. ಅವಳಿಗೆ ಆ ಹಲ್ಲು ಹುಟ್ಟಲೇ ಇಲ್ಲ. ಹೀಗೆ ಹುಟ್ಟದೇ ಉಳಿಯುವ ಹಲ್ಲುಗಳಲ್ಲಿ ಮೇಲಿನ ಈ ಚಿಕ್ಕ ಬಾಚಿಹಲ್ಲೂ ಒಂದಂತೆ. ತಂಗಿ ಫೋನ್ ಮಾಡಿ "ಅಣ್ಣಾ, ನಿನಗೆ ಮಾಡಿದಂಗೆ ಇವಳಿಗೂ ಮಾಡ್ಸಿಬಿಡ್ಲಾ?" ಅಂದಾಗ ನನಗೆ ಕೋರೆಹಲ್ಲಿನ ಮೋಟು ನೆನಪಾಯಿತು. ತಡಿ, ಸ್ವಲ್ಪ ಓದಿ ಹೇಳ್ತೀನಿ ಅಂದೆ. ಓದಿದ್ದನ್ನು ನಿಮಗೂ ಹೇಳ್ತೀನಿ.

*

ಹಲ್ಲು ಹೋದ ಕಥೆ ನಮ್ಮಲ್ಲಿ ದೇವತೆಗಳಿಂದಲೇ ಶುರು. ದಕ್ಷಯಜ್ಞದಲ್ಲಿ ವೀರಭದ್ರ ನುಗ್ಗಿದಾಗ ಪೂಷನ್ ಅನ್ನೋ ದೇವತೆಯ ಹಲ್ಲು ಉದುರಿಸಿದ ಅಂತ ಪುರಾಣ. ವೇದಕಾಲದಿಂದಲೂ ಪೂಷನಿಗೆ ನೈವೇದ್ಯ ಗಂಜಿ, ಹಿಟ್ಟಿನಂಥ ಮೆತ್ತನೆಯ ತಿನಿಸೇ. ಪಾಪ, ಜಗಿಯೋಕೆ ಹಲ್ಲಿಲ್ಲವಲ್ಲ. ಪೂಷನ ಮುರಿದ ಹಲ್ಲನ್ನು ಅಶ್ವಿನೀ ದೇವತೆಗಳು ಸರಿಮಾಡಿದರು ಅಂತ ಚರಕ ಸಂಹಿತೆ ಹೇಳುತ್ತೆ. ಪಕ್ಕದ ಹಲ್ಲು ಕೆತ್ತಿದರೋ ಇಲ್ಲವೋ, ಅದನ್ನು ಮಾತ್ರ ಹೇಳಿಲ್ಲ :)

ಮನುಷ್ಯರು ಮಾಡಿದ್ದಕ್ಕೆ ಹಳೆಯ ಸಾಕ್ಷಿ ಇಟಲಿಯಲ್ಲಿದೆ. ರೋಮನ್ನರಿಗಿಂತ ಮುಂಚೆ ಅಲ್ಲಿ ಎಟ್ರುಸ್ಕನ್ನರು ಅಂತ ಇದ್ದರು. ಕ್ರಿಸ್ತಪೂರ್ವ ಏಳನೇ ಶತಮಾನದ ಹೊತ್ತಿಗೇ ಅವರು ತೆಳು ಬಂಗಾರದ ಪಟ್ಟಿಯನ್ನು ಗಟ್ಟಿ ಹಲ್ಲುಗಳ ಸುತ್ತ ಬಳಸಿ, ನಡುವಿನ ಖಾಲಿ ಜಾಗದಲ್ಲಿ ಬೇರೆ ಹಲ್ಲು ಕೂರಿಸುತ್ತಿದ್ದರು. ಗೋರಿಗಳಲ್ಲಿ ಸಿಕ್ಕಿವೆ. ಆ ಕಟ್ಟಿನಲ್ಲಿ ಪಕ್ಕದ ಹಲ್ಲಿಗೆ ಒಡವೆ ತೊಡಿಸಿದ ಹಾಗೆ ಪಟ್ಟಿ ಬರುತ್ತಿತ್ತೇ ಹೊರತು ಅದನ್ನು ಕೆತ್ತುವ ಕೆಲಸ ಇರಲಿಲ್ಲ.

ನಮ್ಮ ಕಡೆ "ಹಲ್ಲು ಕಟ್ಟಿಸೋದು" ಅಂತೀವಲ್ಲ, ಆ ಮಾತಿನಲ್ಲೂ ಹಳೇ ಕೆಲಸ ಇದೆ. ಸಂತೆಯಲ್ಲೋ ಬಸ್‌ಸ್ಟ್ಯಾಂಡಿನ ಹತ್ತಿರವೋ ಬಟ್ಟೆ ಹಾಸಿ, ಸುಳ್ಳು ಹಲ್ಲುಗಳ ಸಾಲು ಇಟ್ಟುಕೊಂಡು ಕೂರುವವರನ್ನು ನೀವು ನೋಡಿರಬಹುದು. ತಂತಿಯಲ್ಲೋ ಬಿಳಿ ಪ್ಲಾಸ್ಟಿಕ್ ಹಿಟ್ಟಿನಲ್ಲೋ ಪಕ್ಕದ ಹಲ್ಲಿಗೆ ಬಿಗಿಯೋದು ಅವರ ವಿದ್ಯೆ. ಹಲ್ಲು ಕೆತ್ತಲ್ಲ ನಿಜ, ಆದರೆ ಕಟ್ಟಿದ ಜಾಗ ತೊಳೆಯೋಕೆ ಬರಲ್ಲ, ವಸಡು ಕೊಳೆತು ಪಕ್ಕದ ಹಲ್ಲು ಅಲ್ಲಾಡುತ್ತೆ. ಚೀನಾದ ಹುಬೇ ಪ್ರಾಂತ್ಯದಿಂದ ಬಂದ ಕುಟುಂಬಗಳೂ ನಮ್ಮ ದೇಶದ ಹಲವು ಪಟ್ಟಣಗಳಲ್ಲಿ ಅಪ್ಪನಿಂದ ಮಗನಿಗೆ ಈ ಕಸುಬು ನಡೆಸಿದವು. 1948ರ ದಂತವೈದ್ಯರ ಕಾಯ್ದೆ ಬಂದಾಗ ಡಿಗ್ರಿ ಇದ್ದವರಿಗೆ 'ಎ' ಭಾಗ, ಡಿಗ್ರಿ ಇಲ್ಲದೆ ಐದು ವರ್ಷಕ್ಕೆ ಕಡಿಮೆ ಇಲ್ಲದಂತೆ ಈ ಕಸುಬಿನಲ್ಲೇ ಜೀವನ ಮಾಡಿದವರಿಗೆ 'ಬಿ' ಭಾಗ ಅಂತ ನೋಂದಣಿಯಲ್ಲಿ ಎರಡು ಪಟ್ಟಿ ಮಾಡಬೇಕಾಯಿತು. ಅಷ್ಟು ಜನ ಇದ್ದರು.

*

ಹಾಗಾದರೆ ಪಕ್ಕದ ಹಲ್ಲು ಕೆತ್ತೋದು ಯಾವಾಗ ಶುರುವಾಯಿತು? ಮೂರು ಯಂತ್ರ-ತಂತ್ರ ಬೇಕಾದವು.

ಮೊದಲನೆಯದು ಕೊರೆಯೋ ಮಿಷನ್. 1871ರಲ್ಲಿ ಅಮೆರಿಕದ ಮಾರಿಸನ್ ಕಾಲಲ್ಲಿ ತುಳಿಯುವ ಹಲ್ಲಿನ ಮಿಷನ್ನಿಗೆ ಪೇಟೆಂಟ್ ಪಡೆದ. ಹೊಲಿಗೆ ಮಿಷನ್ನಿನ ಅಣ್ಣತಮ್ಮ ಅನ್ನಿ. ಎರಡನೆಯದು ಎರಕ. 1907ರಲ್ಲಿ ಟ್ಯಾಗರ್ಟ್ ಅನ್ನುವ ದಂತವೈದ್ಯ, ಮೇಣದಲ್ಲಿ ರೂಪ ಮಾಡಿ, ಅದರ ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ಆ ಜಾಗಕ್ಕೆ ಬಂಗಾರ ಹೊಯ್ಯುವ ವಿಧಾನವನ್ನು ಹಲ್ಲಿಗೆ ತಂದ. ಪಂಚಲೋಹದ ಮೂರ್ತಿ ಎರಕ ಹೊಯ್ಯುವ ನಮ್ಮ ಶಿಲ್ಪಿಗಳಿಗೆ ಇದು ಸಾವಿರ ವರ್ಷದ ಹಳೇ ವಿದ್ಯೆ. ಹಲ್ಲಿಗೆ ಬಂದದ್ದು ಆಗ. ಒಬ್ಬರ ಹಲ್ಲಿಗೆ ಸರಿಯಾಗಿ ಕೂರುವ ಲೋಹದ ಟೋಪಿ ಈಗ ಸಾಧ್ಯವಾಯಿತು. ಆದರೆ ಟೋಪಿಗೆ ಜಾಗ ಬೇಕಲ್ಲ? ಹಲ್ಲಿನ ಮೇಲೇ ಟೋಪಿ ಇಟ್ಟರೆ ಹಲ್ಲು ದಪ್ಪ ಕಾಣುತ್ತೆ, ಬಾಯಿ ಮುಚ್ಚೋಕಾಗಲ್ಲ. ಅದಕ್ಕೇ ಸುತ್ತ ಕೆತ್ತೋದು.

ಕಾಲಲ್ಲಿ ತುಳಿದು ಕೆತ್ತೋದು ಡಾಕ್ಟರಿಗೂ ಕಷ್ಟ, ರೋಗಿಗೂ ನರಕ. ಆ ಕಷ್ಟವೇ ಒಂದು ತಡೆ ಆಗಿತ್ತು. ಮೂರನೆಯ ಯಂತ್ರ ಬಂದು ಆ ತಡೆ ತೆಗೆಯಿತು. 1957ರಲ್ಲಿ ಜಾನ್ ಬಾರ್ಡನ್ ಗಾಳಿಯಿಂದ ತಿರುಗುವ ಏರೋಟರ್ ತಂದ. ನಿಮಿಷಕ್ಕೆ ಹೆಚ್ಚುಕಡಿಮೆ ಮೂರು ಲಕ್ಷ ಸುತ್ತು! ಎನಾಮಲ್ ನಮ್ಮ ಮೈಯಲ್ಲೇ ಅತಿ ಗಟ್ಟಿ ವಸ್ತು. ಅದು ಈಗ ಸೀಮೆಸುಣ್ಣದ ಥರ ಉದುರಿತು. ಕೆಲಸ ಸುಲಭವಾದ ಮೇಲೆ ಯಾರಿಗೂ ಕೆತ್ತೋದು ದೊಡ್ಡ ವಿಷಯ ಅನ್ನಿಸಲಿಲ್ಲ.

ಎಷ್ಟು ಕೆತ್ತುತ್ತಾರೆ ಅಂತ ತೂಕ ಹಾಕಿ ನೋಡಿದವರಿದ್ದಾರೆ. 2002ರಲ್ಲಿ ಎಡೆಲ್‌ಹಾಫ್ ಮತ್ತು ಸೊರೆನ್ಸೆನ್ ಮುಂದಿನ ಹಲ್ಲುಗಳ ಮೇಲೆ ಲೆಕ್ಕ ಮಾಡಿದರು. ಪೂರ್ತಿ ಟೋಪಿಗೆ ಅಂತ ಕೆತ್ತಿದರೆ ವಸಡಿನ ಮೇಲೆ ಕಾಣುವ ಹಲ್ಲಿನಲ್ಲಿ 63ರಿಂದ 72 ಪರ್ಸೆಂಟ್ ಹೋಗುತ್ತೆ. ಅಂದರೆ ನನ್ನ ಎರಡು ಗಟ್ಟಿ ಹಲ್ಲುಗಳಲ್ಲಿ ತಲಾ ಮೂರರಲ್ಲಿ ಎರಡು ಪಾಲು ಆವತ್ತು ಪಿಕದಾನಿಗೆ ಹೋಗಿತ್ತು. ಇಷ್ಟು ಕೆತ್ತಿದಾಗ ಕೆಲವರಿಗೆ ಒಳಗಿನ ನರ ವರ್ಷಗಳ ಮೇಲೆ ಸಾಯುತ್ತೆ, ರೂಟ್ ಕೆನಾಲ್‌ಗೆ ಬರುತ್ತೆ. ಟೋಪಿಯ ಅಂಚಿನಲ್ಲಿ ಹುಳುಕು ಹಿಡಿದರೆ ಹೊರಗಿನಿಂದ ಕಾಣಲ್ಲ. ನನ್ನದು ಹಾಗೇ ಆದದ್ದು.

*

ಈಗ ಸ್ವಾರಸ್ಯ ನೋಡಿ. ಏರೋಟರ್ ಬರೋಕೆ ಎರಡು ವರ್ಷ ಮುಂಚೆಯೇ, ಕೆತ್ತದೇ ಇರುವ ದಾರಿಯೂ ಸಿಕ್ಕಿತ್ತು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನ ಈಸ್ಟ್‌ಮನ್ ದಂತ ಸಂಸ್ಥೆಯಲ್ಲಿ ಬ್ಯೂನೊಕೋರ್ ಅಂತ ಒಬ್ಬರಿದ್ದರು. ಕಾರ್ಖಾನೆಗಳಲ್ಲಿ ಬಣ್ಣ ಹಿಡಿಯಲಿ ಅಂತ ಲೋಹಕ್ಕೆ ಮೊದಲು ಫಾಸ್ಫಾರಿಕ್ ಆಸಿಡ್ ಹಚ್ಚುತ್ತಾರೆ. ಹಲ್ಲಿಗೂ ಯಾಕೆ ಹಾಗೆ ಮಾಡಬಾರದು ಅಂತ ಅವರು ನೋಡಿದರು. 85 ಪರ್ಸೆಂಟ್ ಆಸಿಡ್, ಅರ್ಧ ನಿಮಿಷ. ಎನಾಮಲ್ ಮೇಲೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತು ಬಿದ್ದವು. ಅದರೊಳಗೆ ಪ್ಲಾಸ್ಟಿಕ್ ಅಂಟು ಇಳಿದು ಕಚ್ಚಿ ಹಿಡಿಯಿತು. ಹಳೇ ಗೋಡೆಗೆ ಗಾರೆ ಹಿಡಿಯಲಿ ಅಂತ ಮೇಸ್ತ್ರಿಗಳು ಮೊದಲು ಕಚ್ಚು ಹೊಡೀತಾರಲ್ಲ, ಅದೇ ಉಪಾಯ. 1955ರಲ್ಲಿ ಪ್ರಕಟವಾಯಿತು. ಆಮೇಲೆ ಬೋವೆನ್ ಕಂಡುಹಿಡಿದ ಗಟ್ಟಿ ರಾಳಕ್ಕೆ 1962ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತು ಹಲ್ಲಿಗೆ ತುಂಬುವ ಬಿಳಿ ಸಿಮೆಂಟಿನ ಮೂಲಪುರುಷ ಅದೇ.

ಅಂಟು ಸಿಕ್ಕ ಮೇಲೆ ಟೋಪಿ ಯಾಕೆ ಬೇಕು? 1973ರಲ್ಲಿ ಫ್ರಾನ್ಸಿನ ರೋಶೆಟ್, ಅಲ್ಲಾಡುವ ಕೆಳಗಿನ ಮುಂದಿನ ಹಲ್ಲುಗಳನ್ನು ಒಟ್ಟಿಗೆ ಹಿಡಿಸೋಕೆ ಅವುಗಳ ಹಿಂಬದಿಗೆ ತೂತು ತೂತಿನ ಬಂಗಾರದ ತಗಡು ಅಂಟಿಸಿದರು. ತೂತಿನ ಮೂಲಕ ಅಂಟು ಬಂದು ತಗಡನ್ನು ಬೀಗ ಹಾಕಿದಂತೆ ಹಿಡಿಯುತ್ತಿತ್ತು. 1977ರಲ್ಲಿ ಹೋವ್ ಮತ್ತು ಡೆನೆಹಿ ಅದೇ ತಗಡಿಗೆ ಒಂದು ಸುಳ್ಳು ಹಲ್ಲು ಸೇರಿಸಿ ಬ್ರಿಡ್ಜ್ ಮಾಡಿದರು. 1982ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲಿವಾಡಿಟಿಸ್ ಮತ್ತು ಥಾಂಪ್ಸನ್ ತೂತು ಬಿಟ್ಟು, ವಿದ್ಯುತ್ತಿನಿಂದ ಲೋಹದ ಒಳಮೈಯನ್ನೇ ಸವೆಸಿ ಒರಟು ಮಾಡಿದರು. ಹಲ್ಲಿಗೂ ಕಚ್ಚು, ಲೋಹಕ್ಕೂ ಕಚ್ಚು. ಇದಕ್ಕೇ 'ಮೇರಿಲ್ಯಾಂಡ್ ಬ್ರಿಡ್ಜ್' ಅಂತ ಹೆಸರು ಬಂತು. ಅಕ್ಕಪಕ್ಕದ ಹಲ್ಲಿನ ಹಿಂದೆ ಎರಡು ತೆಳು ರೆಕ್ಕೆ, ನಡುವೆ ಹಲ್ಲು. ಎಡೆಲ್‌ಹಾಫ್ ಲೆಕ್ಕದಲ್ಲಿ ಹೀಗೆ ಅಂಟಿಸುವ ಬ್ರಿಡ್ಜಿಗೆ ಕೆತ್ತಬೇಕಾದ್ದು 3ರಿಂದ 30 ಪರ್ಸೆಂಟ್ ಮಾತ್ರ.

ಈಗ ನಮ್ಮ ಊರಿನ ತಾರೀಖುಗಳನ್ನು ಪಕ್ಕದಲ್ಲಿಟ್ಟು ನೋಡೋಣ. ದೇಶದ ಮೊದಲ ಡೆಂಟಲ್ ಕಾಲೇಜನ್ನು ಡಾ. ರಫಿಯುದ್ದೀನ್ ಅಹಮದ್ ಕಲ್ಕತ್ತಾದಲ್ಲಿ 1920ರಲ್ಲಿ ಶುರುಮಾಡಿದರು. ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜು 1958ರದ್ದು. ಅದೇ ವರ್ಷ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ ದಾವಣಗೆರೆಯಲ್ಲಿ 1979ರಲ್ಲಿ ಬಾಪೂಜಿ ಡೆಂಟಲ್ ಕಾಲೇಜು ತೆರೆಯಿತು. 1991ರಲ್ಲಿ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಅಂತ ಇನ್ನೊಂದು. ಹತ್ತಿ ಮಿಲ್ಲು, ಬೆಣ್ಣೆ ದೋಸೆಗೆ ಹೆಸರಾದ ಒಂದು ವ್ಯಾಪಾರದ ಊರಿಗೆ ಎರಡೆರಡು ಡೆಂಟಲ್ ಕಾಲೇಜು! ಮೊದಲನೆಯದು ಬಾಗಿಲು ತೆರೆದಾಗ ಹೋವ್ ಮತ್ತು ಡೆನೆಹಿ ಮಾಡಿದ ಬ್ರಿಡ್ಜಿಗೆ ಎರಡೇ ವರ್ಷ ವಯಸ್ಸು. ನನ್ನ ಹಲ್ಲು ಬಿದ್ದಾಗ ಮೇರಿಲ್ಯಾಂಡಿಗೆ ಹನ್ನೆರಡು ವರ್ಷ. ಅಂದರೆ ಕೆತ್ತದ ದಾರಿ ಲೋಕದಲ್ಲಿ ಇತ್ತು. ಆದರೂ ನನ್ನ ಬಾಯಿಗೆ ಯಾಕೆ ಬರಲಿಲ್ಲ?

*

ಕಾರಣ ಇದೆ. ಮೊದಲ ಕಾಲದ ಈ ರೆಕ್ಕೆ ಬ್ರಿಡ್ಜುಗಳು ಕಿತ್ತು ಬರುತ್ತಿದ್ದವು. ಊಟಕ್ಕೆ ಕೂತಾಗ ಹಲ್ಲು ತಟ್ಟೆಗೆ ಬಿದ್ದರೆ ರೋಗಿ ಡಾಕ್ಟರನ್ನ ಬಿಡ್ತಾನಾ? ಲೋಹದ ರೆಕ್ಕೆ ತೆಳು ಹಲ್ಲಿನ ಮೂಲಕ ಬೂದು ಬಣ್ಣವಾಗಿ ಕಾಣುತ್ತಿತ್ತು. ಅಂಟಿಸುವಾಗ ಒಂದು ಹನಿ ಜೊಲ್ಲು ತಾಗಿದರೂ ಕೆಲಸ ಕೆಟ್ಟ ಹಾಗೆ. ಹಾಗಾಗಿ ಇದು "ಟೆಂಪರರಿ" ಅನ್ನೋ ಹೆಸರು ಹೊತ್ತುಕೊಂಡಿತು. ಕೆತ್ತಿ ಹಾಕಿದ ಟೋಪಿ ಹತ್ತು ಹದಿನೈದು ವರ್ಷ ಅಲ್ಲಾಡಲ್ಲ. ಯಾರು ತಾನೇ ರಿಸ್ಕ್ ತಗೋತಾರೆ?

ಹೊಸ ಅಂಟುಗಳು 1980ರ ದಶಕದಲ್ಲಿ ಜಪಾನಿನಿಂದ ಬಂದವು, ಲೋಹಕ್ಕೇ ರಾಸಾಯನಿಕವಾಗಿ ಹಿಡಿಯುವಂಥವು. ಆದರೆ ನನಗೆ ಬಹಳ ಇಷ್ಟವಾದ ತಿರುವು ಜರ್ಮನಿಯದ್ದು. ಅಲ್ಲಿನ ದಂತವೈದ್ಯ ಮ್ಯಾಥಿಯಾಸ್ ಕೆರ್ನ್ 1990ರ ಆಸುಪಾಸಿನಲ್ಲಿ ಲೋಹದ ಬದಲು ಪೂರ್ತಿ ಪಿಂಗಾಣಿಯಲ್ಲಿ ಎರಡು ರೆಕ್ಕೆಯ ಬ್ರಿಡ್ಜ್ ಮಾಡುತ್ತಿದ್ದರು. ಕೆಲವರಲ್ಲಿ ಒಂದು ಕಡೆಯ ರೆಕ್ಕೆ ಮುರಿಯಿತು. ಆದರೆ ಸುಳ್ಳು ಹಲ್ಲು ಬೀಳಲಿಲ್ಲ! ಉಳಿದ ಒಂದೇ ರೆಕ್ಕೆಯ ಮೇಲೆ ವರ್ಷಗಟ್ಟಲೆ ಆರಾಮಾಗಿ ನಿಂತಿತ್ತು. ಹಾಗಾದರೆ ಎರಡನೆಯ ರೆಕ್ಕೆ ಯಾಕೆ ಬೇಕು ಅಂತ ಅವರು ಮೊದಲಿಂದಲೇ ಒಂದೇ ರೆಕ್ಕೆ ಇಟ್ಟು ಮಾಡತೊಡಗಿದರು. 2011ರಲ್ಲಿ ಹತ್ತು ವರ್ಷದ ಲೆಕ್ಕ ಕೊಟ್ಟರು. ಎರಡು ರೆಕ್ಕೆಯವು ಉಳಿದದ್ದು 73.9 ಪರ್ಸೆಂಟ್. ಒಂದು ರೆಕ್ಕೆಯವು 94.4 ಪರ್ಸೆಂಟ್. ಸಣ್ಣ ಅಧ್ಯಯನ, ನಿಜ. ಮುಂದಿನ ಹಲ್ಲುಗಳಿಗೆ ಮಾತ್ರ. ಆದರೆ ಮನಸ್ಸಿಗೆ ತೋಚುವುದಕ್ಕೆ ಪೂರಾ ಉಲ್ಟಾ.

ಯಾಕೆ ಹೀಗೆ? ಹಲ್ಲು ಗೋಡೆಗೆ ಹೊಡೆದ ಮೊಳೆ ಅಲ್ಲ. ಬೇರಿನ ಸುತ್ತ ನಾರಿನಂಥ ಒಂದು ಪದರ ಇದೆ, ಅದರ ಮೇಲೆ ಪ್ರತಿ ಹಲ್ಲೂ ಕೂದಲೆಳೆಯಷ್ಟು ಅಲುಗುತ್ತೆ. ಪ್ರತಿಯೊಂದೂ ತನ್ನದೇ ದಿಕ್ಕಿಗೆ. ಎರಡು ಹಲ್ಲನ್ನು ಒಂದೇ ತುಂಡಿಗೆ ಅಂಟಿಸೋದು ಅಂದರೆ ಹೆಜ್ಜೆ ಕೂಡದ ಎರಡು ಎತ್ತನ್ನು ಒಂದೇ ನೊಗಕ್ಕೆ ಹೂಡಿದ ಹಾಗೆ. ಎಳೆದಾಟದಲ್ಲಿ ಹಗ್ಗ ಹರಿಯುತ್ತೆ. ಅದಕ್ಕಿಂತ ಕೆಟ್ಟದ್ದೆಂದರೆ, ಒಂದು ಕಡೆ ಅಂಟು ಬಿಟ್ಟರೂ ಇನ್ನೊಂದು ಕಡೆ ಹಿಡಿದಿರುತ್ತೆ. ನಮಗೆ ಗೊತ್ತೇ ಆಗಲ್ಲ, ಒಳಗೆ ಹುಳುಕು ನಡೆದಿರುತ್ತೆ. ಒಂದೇ ರೆಕ್ಕೆ ಆದರೆ ಸುಳ್ಳು ಹಲ್ಲು ಆ ಹಲ್ಲಿನ ಜೊತೆಗೇ ಅಲುಗುತ್ತೆ. ಅಂಟು ಬಿಟ್ಟರೆ ಕೈಗೇ ಬರುತ್ತೆ. ತೊಳೆದುಕೊಂಡು ಹೋಗಿ ಮತ್ತೆ ಅಂಟಿಸಿಕೊಳ್ಳಬಹುದು.

ಹರಿಹರದಲ್ಲಿ ತುಂಗಭದ್ರೆಗೆ 1868ರಲ್ಲಿ ಕಟ್ಟಿದ ಕಲ್ಲು ಕಮಾನಿನ ಸೇತುವೆ ಇದೆ. ಅದಕ್ಕೆ ಎರಡೂ ದಡ ಬೇಕು. ದಡ ಕಡಿದರೂ ನದಿಗೆ ನೋವಾಗಲ್ಲ. ಬಾಯಲ್ಲಿ ದಡ ಅಂದರೆ ಜೀವ ಇರುವ ಹಲ್ಲು. ಇಲ್ಲಿ ಬೇಕಾದದ್ದು ಸೇತುವೆ ಅಲ್ಲ, ಮನೆಯ ಕಿಟಕಿ ಮೇಲಿನ ಸಜ್ಜಾ. ಒಂದೇ ಗೋಡೆ ಹಿಡಿದು ಮುಂದಕ್ಕೆ ಚಾಚಿರುತ್ತಲ್ಲ, ಹಾಗೆ.

*

ಅಂತ ಎಲ್ಲರಿಗೂ ಇದೇ ಆಗುತ್ತೆ ಅಂತಲ್ಲ. ದವಡೆ ಹಲ್ಲಿಗೆ ಜಗಿಯುವ ಭಾರ ಜಾಸ್ತಿ, ಅಲ್ಲಿ ಇಷ್ಟು ಭರವಸೆ ಕೊಡೋಕಾಗಲ್ಲ. ರಾತ್ರಿ ಹಲ್ಲು ಕಡಿಯುವವರು, ಕೆಳಗಿನ ಹಲ್ಲು ಮೇಲಿನದರ ಹಿಂಬದಿಗೆ ಬಿಗಿಯಾಗಿ ತಾಗುವವರಿಗೆ ರೆಕ್ಕೆಗೆ ಜಾಗವೇ ಇರಲ್ಲ. ಪಕ್ಕದ ಹಲ್ಲುಗಳಲ್ಲಿ ಆಗಲೇ ದೊಡ್ಡ ಹುಳುಕು, ದೊಡ್ಡ ಫಿಲ್ಲಿಂಗ್ ಇದ್ದರೆ ಹೇಗೂ ಟೋಪಿ ಬೇಕು, ಹಳೇ ಬ್ರಿಡ್ಜೇ ಸರಿ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮಾತಿದೆ. ಜಗಳೂರು ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಆ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಮಚ್ಚೆ ನೋಡಿರುತ್ತೀರಿ. ಅಂಥ ಎನಾಮಲ್ಲಿನ ಮೇಲ್ಪದರಕ್ಕೆ ಆಸಿಡ್ ಸುಲಭಕ್ಕೆ ನಾಟಲ್ಲ. ಹೆಚ್ಚು ಹೊತ್ತು ಹಚ್ಚೋದೋ ಮೇಲಿನ ಪದರ ಸ್ವಲ್ಪ ಉಜ್ಜೋದೋ ಮಾಡಬೇಕಾಗುತ್ತೆ. ಅಂಟಿನ ಕಥೆ ಇಡೀ ಎನಾಮಲ್ಲಿನ ಮೇಲೆ ನಿಂತಿರೋದು ನೋಡಿ. ನೀರೂ ಲೆಕ್ಕಕ್ಕೆ ಬರುತ್ತೆ.

ಇಂಪ್ಲಾಂಟ್ ಹಾಕಿಸಬಹುದಿತ್ತಲ್ಲ ಅಂತ ಕೇಳ್ತೀರಾ? ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಟೈಟೇನಿಯಂ ತಿರುಪು ಕೂರಿಸಿದರು. ಮೇರಿಲ್ಯಾಂಡ್ ಬಂದ ಅದೇ 1982ರಲ್ಲಿ ಟೊರೊಂಟೊ ಸಮ್ಮೇಳನದ ಮೂಲಕ ಅದು ಲೋಕಕ್ಕೆ ಗೊತ್ತಾಯಿತು. ಪಕ್ಕದ ಹಲ್ಲು ಮುಟ್ಟದ ಒಳ್ಳೇ ವಿದ್ಯೆ. ಆದರೆ ಹದಿನೇಳು ವರ್ಷದ ಹುಡುಗಿಯ ದವಡೆ ಇನ್ನೂ ಬೆಳೆಯುತ್ತಿರುತ್ತೆ. ಸುತ್ತಲ ಹಲ್ಲು ಬೆಳವಣಿಗೆ ಜೊತೆ ಇಳಿಯುತ್ತವೆ, ತಿರುಪು ಇದ್ದಲ್ಲೇ ಇರುತ್ತೆ. ಕೆಲವು ವರ್ಷದಲ್ಲಿ ಆ ಹಲ್ಲು ಮೋಟಾಗಿ ಮೇಲೆ ಉಳಿದ ಹಾಗೆ ಕಾಣುತ್ತೆ. ಹಾಗಾಗಿ ಬೆಳವಣಿಗೆ ನಿಲ್ಲುವವರೆಗೆ ಕಾಯಬೇಕು.

ಇದನ್ನೆಲ್ಲ ತಂಗಿಗೆ ಹೇಳಿದೆ. ಊರಿನಲ್ಲೇ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆವು. ನಾನು ಕೇಳಿದ್ದು ಮೂರೇ ಪ್ರಶ್ನೆ. ಪಕ್ಕದ ಹಲ್ಲು ಎಷ್ಟು ಕೆತ್ತುತ್ತೀರಿ? ಕೆತ್ತದೇ ಆಗುತ್ತಾ? ಈ ಬ್ರಿಡ್ಜ್ ಕೆಟ್ಟ ದಿನ ಪಕ್ಕದ ಹಲ್ಲಿನ ಗತಿ ಏನು? ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಎಕ್ಸ್‌ರೇ ನೋಡಿ, ಅಚ್ಚು ತೆಗೆದು, ಒಂದೇ ರೆಕ್ಕೆಯ ಜಿರ್ಕೋನಿಯಾ ಹಲ್ಲು ಮಾಡಿಸಿದರು. ಇಂಜೆಕ್ಷನ್ ಬೇಕಾಗಲಿಲ್ಲ. ಹಲ್ಲಿಗೆ ರಬ್ಬರ್ ಹಾಳೆ ಹೊದಿಸಿ, ಒಂದು ಹನಿ ಜೊಲ್ಲೂ ತಾಗದಂತೆ ಅಂಟಿಸಿದರು. ಹುಡುಗಿ ಕನ್ನಡಿ ನೋಡಿ ನಕ್ಕಳು. ನಾನು ಆಕೆಯ ಪಕ್ಕದ ಹಲ್ಲು ನೋಡುತ್ತಿದ್ದೆ. ಹಾಗೇ ಇತ್ತು.

ಅದು ನಾಳೆ ಬಿದ್ದರೂ ಬೀಳಬಹುದು. ಬಿದ್ದರೆ ಮತ್ತೆ ಅಂಟಿಸೋದು, ದೊಡ್ಡವಳಾದ ಮೇಲೆ ಬೇಕಾದರೆ ಇಂಪ್ಲಾಂಟ್ ಹಾಕಿಸೋದು. ಅವಳಿಗೆ ಇನ್ನೂ ದಾರಿಗಳಿವೆ. ನನಗೆ 1994ರಲ್ಲಿ ಒಂದು ಮಧ್ಯಾಹ್ನ ಅವೆಲ್ಲ ಮುಚ್ಚಿಹೋಗಿದ್ದವು, ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹಲ್ಲು ಕಟ್ಟಿಸೋಕೆ ಹೊರಟಿದ್ದರೆ ಆ ಮೂರು ಪ್ರಶ್ನೆ ಕೇಳಿ ನೋಡಿ. ಖರ್ಚಿಲ್ಲ.

ಅವ್ವನಿಗೆ ತೋರಿಸಿದೆವು. ಕನ್ನಡಕ ಹಾಕಿಕೊಂಡು ಮೊಮ್ಮಗಳ ಬಾಯೊಳಗೆ ಬಗ್ಗಿ ನೋಡಿದರು. "ಎಲ್ಲಿ ಕಟ್ಟ್ಯಾರ? ಕಟ್ಟಿದ್ದೇ ಕಾಣವಲ್ದು" ಅಂದರು.